ಸ್ವರಲೋಪದ ವಿನೋದವೂ ಕೊಡವ ಬರೆಹವೂ

ಬರೆದ ಪದದಿಂದ ಸ್ವರಗಳನ್ನು ಕಿತ್ತು ಓದುಗನನ್ನು ನಗಿಸುವ, ಅಥವಾ ಆಡಬಾರದ ಮಾತನ್ನು ಮರೆಮಾಡುವ ಪದ್ಧತಿ ರೋಮನ್ ಲಿಪಿಯ ಭಾಷೆಗಳಲ್ಲಿ ಬಳಕೆಯಲ್ಲಿದೆ. ಅಲ್ಲಿ ಸ್ವರವೂ ವ್ಯಂಜನವೂ ಬೇರೆ ಬೇರೆ ಅಕ್ಷರಗಳು. ಸ್ವರ ಹೋದರೂ ವ್ಯಂಜನಗಳ ಅಸ್ಥಿಪಂಜರದಿಂದ ಪದದ ಗುರುತು ಸಿಗುತ್ತದೆ. ಕನ್ನಡ ಲಿಪಿಯಲ್ಲಿ ಇದು ಸಾಧ್ಯವೇ ಎಂಬ ಪ್ರಶ್ನೆ ಮೇಲುನೋಟಕ್ಕೆ ಕ್ಷುಲ್ಲಕವೆನಿಸಬಹುದು. ಆದರೆ ಕೊಡವ ಭಾಷೆಯ ಬರೆಹವನ್ನು ನಾವು ಓದುವ ಬಗೆಗೂ ಇದಕ್ಕೂ ನಿಕಟವಾದ ಸಂಬಂಧವಿದೆ.

'ಕೊಡಗು' ಎಂಬ ಪದದ ಸ್ವರಚಿಹ್ನೆಗಳನ್ನು ತೆಗೆದರೆ 'ಕಡಗ' ಎಂದಾಗುತ್ತದೆ. ಇದು ಮರೆಯಾದ ನಾಡಿನ ಹೆಸರಲ್ಲ, ಕೈಗೆ ತೊಡುವ ಆಭರಣ. ಚಿಹ್ನೆ ಹೋದೆಡೆ ಅಕಾರ ಬಂದು ನಿಲ್ಲುತ್ತದೆ. ಅದನ್ನೂ ನೀಗಬೇಕಾದರೆ ವ್ಯಂಜನಕ್ಕೆ ಮತ್ತೊಂದು ಚಿಹ್ನೆಯನ್ನು ಹಚ್ಚಬೇಕು. ನಮ್ಮ ಲಿಪಿಯಲ್ಲಿ ಸ್ವರವನ್ನು ಕಳೆಯುವುದೆಂದರೆ ಚಿಹ್ನೆಯನ್ನು ಕೂಡಿಸುವುದು.

ಮಾತ್ರೆ ಜಾರಿದರೆ ಪದವೇ ಬೇರೆಯಾಗುವ ಈ ಗುಣವನ್ನು ಪ್ರಾಚೀನರು ಬಲ್ಲವರಾಗಿದ್ದರು. 7ನೆಯ ಶತಮಾನದ ಬಾಣನು 'ಕಾದಂಬರಿ'ಯಲ್ಲಿ ಶೂದ್ರಕನ ವಿನೋದಗಳ ನಡುವೆ ಮಾತ್ರಾಚ್ಯುತಕವನ್ನೂ ಬಿಂದುಮತಿಯನ್ನೂ ಎಣಿಸಿದ್ದಾನೆ. ಮೊದಲನೆಯದರಲ್ಲಿ ಮಾತ್ರೆಯೊಂದನ್ನು ಬಿಟ್ಟಾಗ ಅರ್ಥಾಂತರ ಹೊಳೆಯುತ್ತದೆ. ಎರಡನೆಯದರಲ್ಲಿ ವ್ಯಂಜನಗಳ ಎಡೆಯಲ್ಲಿ ಬಿಂದುಗಳನ್ನಿಟ್ಟು ಸ್ವರಚಿಹ್ನೆಗಳನ್ನು ಮಾತ್ರ ಉಳಿಸುತ್ತಾರೆ. ಆಲಂಕಾರಿಕನಾದ ರುದ್ರಟನು ಮಾತ್ರಾಚ್ಯುತಕದಂತಹವನ್ನು ಕ್ರೀಡೆಗೆ ಮಾತ್ರ ಒದಗುವಂತಹವೆಂದು ಬದಿಗಿರಿಸಿದನು.

ಕನ್ನಡ ವ್ಯಾಕರಣವು ಲೋಪಸಂಧಿಗೆ ಅರ್ಥ ಕೆಡಬಾರದೆಂಬ ಎಲ್ಲೆಯನ್ನು ಹಾಕಿದೆ. ಕೈಲಾಸಂ ಅವರು ಆಡುಮಾತಿನ ಸ್ವರಲೋಪವನ್ನು ಬರೆಹಕ್ಕೆ ತಂದು ಹಾಸ್ಯವನ್ನು ಸಾಧಿಸಿದರು. 'ಮನೇಲಲ್ವೇ' ಎಂಬಲ್ಲಿ 'ಅಲ್ಲವೇ' ಎಂಬುದರ ನಡುವಣ ಅಕಾರ ಬಿದ್ದುಹೋದರೂ ಅರ್ಥಕ್ಕೆ ಊನವಿಲ್ಲ. ಪೂರ್ಣರೂಪವು ಓದುಗನ ಕಿವಿಯಲ್ಲಿರುವುದರಿಂದಲೇ ಆ ನಗೆ ಹುಟ್ಟುತ್ತದೆ.

ಕೊಡವ ಬರೆಹದ ಸಂಗತಿ ಹೀಗಲ್ಲ. ಆ ಭಾಷೆಯಲ್ಲಿ ಕನ್ನಡ ವರ್ಣಮಾಲೆಗೆ ಅಪರಿಚಿತವಾದ ಎರಡು ಬಗೆಯ ಮಧ್ಯಸ್ವರಗಳು, ಹ್ರಸ್ವ ದೀರ್ಘಗಳೆರಡರಲ್ಲಿಯೂ, ಇವೆಯೆಂಬುದನ್ನು ಎಮೆನೋ ಮೊದಲಾದವರ ಅಧ್ಯಯನಗಳು ಸ್ಪಷ್ಟಪಡಿಸಿವೆ. ನಡಿಕೇರಿಯಂಡ ಚಿಣ್ಣಪ್ಪನವರ 'ಪಟ್ಟೋಲೆ ಪಳಮೆ' 1924ರಲ್ಲಿ ಅಚ್ಚಾದದ್ದು ಕನ್ನಡ ಲಿಪಿಯಲ್ಲಿಯೇ. ಕಣ್ಣು, ಹಾಲು ಎಂಬ ಅರ್ಥದ ಕೊಡವ ಪದಗಳನ್ನು 'ಕಣ್ಣ್', 'ಪಾಲ್' ಎಂದು ಬರೆಯುವುದುಂಟು. ಉಚ್ಚಾರದಲ್ಲಿ ಅವುಗಳ ಕೊನೆಗೆ ತುಟಿ ದುಂಡಾಗದ ಕಿರುಸ್ವರವೊಂದಿದೆ. ಕಾಗದದ ಮೇಲೆ ಅದು ಇಲ್ಲ.

ಪದಾಂತ್ಯದ ಈ ಸ್ವರವು ದುರ್ಬಲವಾದುದರಿಂದ ಬಿಟ್ಟರೂ ಬಾಧಕವಿಲ್ಲವೆಂದು ಆಕ್ಷೇಪಿಸಬಹುದು. ಕೊಡವ ಬಲ್ಲ ಓದುಗನ ಮಟ್ಟಿಗೆ ಇದು ಸರಿ. ಅವನು ಕಾಣದ ಸ್ವರವನ್ನು ತಾನೇ ತುಂಬಿಕೊಳ್ಳುತ್ತಾನೆ. ಕನ್ನಡದ ಓದುಗನು ಹಾಗೆ ತುಂಬಿಕೊಳ್ಳಲಾರನು. ಅವನು ಲಿಪಿಯ ಕೊರತೆಯನ್ನು ಭಾಷೆಯ ಗುಣವೆಂದೇ ಭ್ರಮಿಸಿ, ಕೊಡವ ನುಡಿಯು ಕನ್ನಡದ ತುಂಡರಿಸಿದ ರೂಪವೆಂದು ತೀರ್ಮಾನಿಸುತ್ತಾನೆ. ಇದು ಕಣ್ಣು ಕೊಟ್ಟ ತೀರ್ಪೇ ಹೊರತು ಕಿವಿ ಕೊಟ್ಟದ್ದಲ್ಲ.

ಮಾತ್ರಾಚ್ಯುತಕದಲ್ಲಿ ಕವಿ ಬೇಕೆಂದೇ ಮಾತ್ರೆಯನ್ನು ಬಿಡುತ್ತಾನೆ. ಇಲ್ಲಿ ಬಿಟ್ಟವರಾರೂ ಇಲ್ಲ, ಹಿಡಿದಿಡುವ ಚಿಹ್ನೆಯೇ ಇರಲಿಲ್ಲ. ಆದುದರಿಂದ ಕೊಡವ ಹಾಡುಗಳ ಛಂದಸ್ಸನ್ನು ಅಚ್ಚಿನ ಅಕ್ಷರಗಳ ಆಧಾರದಿಂದಲೇ ಅಳೆಯುವುದು ಅವಿಚಾರ. ಅವನ್ನು ಸಂಪಾದಿಸುವವರು ಈ ಸ್ವರಗಳಿಗೆ ಗುರುತೊಂದನ್ನು ಗೊತ್ತುಪಡಿಸಬೇಕು. ಪಾಠ ಹೇಳುವವರು ದುಡಿ ಕೊಟ್ಟ್ ಪಾಟ್ ಹಾಡುವವರ ಬಾಯಿಂದ ಅವನ್ನು ಕೇಳಿಸಬೇಕು.