ಕಾಫಿಗೂ ಭಟ್ಟಿಯೇ?

ಹೆಗ್ಗಡದೇವನಕೋಟೆ ಕಡೆಯ ಒಂದು ಹಳ್ಳಿ ಶಾಲೆಯಲ್ಲಿದ್ದಾಗ ನಡೆದದ್ದು. ಸಾರಾಯಿ ನಿಷೇಧವಾದ 2007ಕ್ಕೆ ಕೆಲವು ವರ್ಷ ಮುಂಚಿನ ಮಾತು. ಇಂಗ್ಲಿಷ್ ಪಾಠದಲ್ಲಿ ತಾಯಿಯೊಬ್ಬಳು ಕಾಫಿ 'ಬ್ರೂ' ಮಾಡುತ್ತಿದ್ದಳು. ಮಕ್ಕಳ ಕೈಯಲ್ಲಿದ್ದ ಗೈಡಿನಲ್ಲಿ ಆ ಪದಕ್ಕೆ ಒಂದೇ ಅರ್ಥ: ಭಟ್ಟಿ ಇಳಿಸು. ಹುಡುಗನೊಬ್ಬ ಗಟ್ಟಿಯಾಗಿ ಓದಿದ. ತರಗತಿಯೆಲ್ಲ ನಕ್ಕು, ಹಿಂದಿನ ಸಾಲಿನ ಒಬ್ಬ ಹುಡುಗಿಯ ಕಡೆ ತಿರುಗಿತು. ಅವಳಪ್ಪ ಕಳ್ಳಭಟ್ಟಿ ಕೇಸಿನಲ್ಲಿ ಸಿಕ್ಕಿಬಿದ್ದದ್ದು ಊರಿಗೆಲ್ಲ ಗೊತ್ತಿತ್ತು. ನಾನು "ಸುಮ್ನಿರ್ರೋ" ಎಂದು ಗದರಿದೆ, ಅಷ್ಟೆ. ಅರ್ಥವೇ ತಪ್ಪು ಎಂದು ಹೇಳುವಷ್ಟು ನನಗೂ ಆಗ ತಿಳಿದಿರಲಿಲ್ಲ.

ಭಟ್ಟಿ ಇಳಿಸುವುದೆಂದರೆ ಕುದಿಸಿ, ಆವಿಯನ್ನು ತಣಿಸಿ, ಹನಿ ಹಿಡಿಯುವುದು. ಅದಕ್ಕೆ ಇಂಗ್ಲಿಷಿನಲ್ಲಿ 'ಡಿಸ್ಟಿಲ್' ಎಂಬ ಬೇರೆಯೇ ಮಾತಿದೆ. ಬಿಯರ್ ಬ್ರೂ ಮಾಡುವಲ್ಲಿ ಆವಿ ಹಿಡಿಯುವ ಕೆಲಸವಿಲ್ಲ. ಬಾರ್ಲಿಯನ್ನು ನೆನೆಸಿ, ಮೊಳಕೆ ಬರಿಸಿ, ಒಣಗಿಸಿ, ಬಿಸಿನೀರಿನಲ್ಲಿ ಅದರ ಸಿಹಿ ಬಿಡಿಸಿ, ಕುದಿಸಿ, ಆರಿದ ಮೇಲೆ ಯೀಸ್ಟ್ ಹಾಕಿ ಹುದುಗಲು ಬಿಡುತ್ತಾರೆ. ಮೊಳಕೆ ಕಟ್ಟಿ ಒಣಗಿಸಿದ ಆ ಕಾಳಿಗೆ ಮಾಲ್ಟ್ ಎಂದು ಹೆಸರು. ಹುಣಸೂರು, ಪಿರಿಯಾಪಟ್ಟಣದ ಮನೆಗಳಲ್ಲಿ ಕೂಸಿಗೆ ಕುಡಿಸುವ ರಾಗಿ ಮಾಲ್ಟಿನ ಮಾಲ್ಟೂ ಅದೇ! ಮೊಳಕೆ ಕಟ್ಟುವುದು, ದೋಸೆಹಿಟ್ಟು ಹುದುಗಿಸುವುದು, ಡಿಕಾಕ್ಷನ್ ಇಳಿಸುವುದು ಎಲ್ಲವನ್ನೂ ಬಲ್ಲ ಹೆಂಗಸರು ಮನೆಯಲ್ಲೇ ಇರುವಾಗ, ಗೈಡ್ ಬರೆದ ಮಹನೀಯರು ಒಂದು ಮಾತು ಕೇಳಬಾರದಿತ್ತೆ?

ಪದದ ಹುಟ್ಟೂ ಅಡುಗೆಮನೆಯದೇ. ಅದರ ಬೇರಿನಲ್ಲಿರುವ ಅರ್ಥ ಕುದಿಯುವುದು, ನೊರೆಯುಕ್ಕುವುದು. ನಮ್ಮ ಸಾರಿನಂಥದಕ್ಕೆ ಅವರು ಹೇಳುವ 'ಬ್ರಾತ್' ಇದರ ಒಡಹುಟ್ಟು. ಹಿಂದಿನ ಇಂಗ್ಲೆಂಡಿನಲ್ಲಿ ಏಲ್ ಎಂಬ ಬಿಯರನ್ನು ಮನೆಯಲ್ಲಿ ಮಾಡಿ ಮಾರುತ್ತಿದ್ದವರು ಬಹುಪಾಲು ಹೆಂಗಸರು. 'ಬ್ರೂಸ್ಟರ್' ಎಂದರೆ ಹಾಗೆ ಮಾಡುವವಳು, ನೂಲುವವಳು 'ಸ್ಪಿನ್‌ಸ್ಟರ್' ಆದಂತೆ. ದೊಡ್ಡ ಹಣ ಹೂಡುವ ಉದ್ಯಮವಾದ ಮೇಲೆ ಕೆಲಸ ಗಂಡಸರ ಕೈಸೇರಿತು. ಬ್ರೂಸ್ಟರ್ ಮನೆತನದ ಹೆಸರಾಗಿ ಉಳಿಯಿತು. ಸ್ಪಿನ್‌ಸ್ಟರ್ ಮದುವೆಯಾಗದವಳನ್ನು ಚುಚ್ಚುವ ಮಾತಾಯಿತು. (ನಮ್ಮಲ್ಲೂ ಇಂಥ ಮಾತಿಗೇನೂ ಬರವಿಲ್ಲ ಬಿಡಿ.)

ಇನ್ನು ಜಗಳ, ಸಂಚುಗಳಿಗೂ ಇಂಗ್ಲಿಷಿನವರು ಬ್ರೂ ಎನ್ನುತ್ತಾರಲ್ಲ, ಅಲ್ಲಿಯೂ ಭಟ್ಟಿ ಹೂಡುವುದೆ? ಕೃಷ್ಣರಾಜನಗರದಲ್ಲಿ ನಾವು ಬಾಡಿಗೆಗಿದ್ದ ಮನೆಯ ಅಜ್ಜಿ, "ಆ ಮನೇಲಿ ಒಳೊಳಗೇ ಏನೋ ಕುದೀತಾ ಅದೆ ಕಣವ್ವ" ಎನ್ನುತ್ತಿದ್ದರು. ಇಂಗ್ಲಿಷಿನ ಒಂದಕ್ಷರ ಅರಿಯದ ಅವರ ಅನುವಾದ ಗೈಡಿನದಕ್ಕಿಂತ ಎಷ್ಟೋ ಮೇಲು.

ಮರುವರ್ಷ ಗೈಡಿನ ಹೊಸ ಮುದ್ರಣ ಬಂತು. ತೆರೆದು ನೋಡಿದೆ, ಭಟ್ಟಿ ಇಳಿದೇ ಇತ್ತು. ಹೊಸ ಮಕ್ಕಳಿಗೆ ಅದನ್ನು ಹೊಡೆದುಹಾಕಿಸಿ, ಕಾಫಿಗೆ 'ಕಾಯಿಸು', ಬಿಯರಿಗೆ 'ಹುದುಗಿಸು' ಎಂದು ಬರೆಸಿದೆ. ಆ ಹುಡುಗಿ ಅಷ್ಟರಲ್ಲಿ ಶಾಲೆ ಬಿಟ್ಟಿದ್ದಳು.