ವೈನಿಗೆ ತಿಳಿ ಕೊಡುವ ಮೊಟ್ಟೆಯ ಬಿಳಿ

ಅಜೆಕಾರು, ಕಾರ್ಕಳ ಸುತ್ತಿನ ಕೊಂಕಣಿ ಕ್ರೈಸ್ತರ ಮನೆಗಳಲ್ಲಿ ಕ್ರಿಸ್‌ಮಸ್‌ಗೆ ತಯಾರಾಗುವ ದ್ರಾಕ್ಷಿ ವೈನಿನಲ್ಲಿ ನನಗೆ ರುಚಿಗಿಂತಲೂ ಪ್ರಿಯವಾದದ್ದು ಅದರ ತಿಳಿ. ದ್ರಾಕ್ಷಿ, ಸಕ್ಕರೆ, ಯೀಸ್ಟ್, ಒಂದು ಹಿಡಿ ಗೋಧಿ ಭರಣಿಯಲ್ಲಿ ವಾರಗಟ್ಟಲೆ ಹುದುಗಿದ ಮೇಲೆ ಬಟ್ಟೆಯಲ್ಲಿ ಎಷ್ಟು ಸೋಸಿದರೂ ಮಬ್ಬು ಪೂರ್ತಿ ಹೋಗದು. ಆಗ ಬಲ್ಲವರು ಮೊಟ್ಟೆಯ ಬಿಳಿಯನ್ನು ಮೆಲ್ಲಗೆ ಕಡೆದು ಬೆರೆಸುತ್ತಾರೆ.

ಎಂಥ ಜಾಣ ಉಪಾಯ! ವೈನಿನ ಹುಳಿಯಲ್ಲಿ ಆ ಬಿಳಿಯ ಪ್ರೋಟೀನು ಧನ ವಿದ್ಯುದಂಶ ಪಡೆಯುತ್ತದೆ. ಸಿಪ್ಪೆ, ಬೀಜಗಳಿಂದ ಬಂದ ಟ್ಯಾನಿನ್ ಅದಕ್ಕೆ ಅಂಟಿಕೊಂಡು, ಭಾರವಾಗಿ ತಳ ಸೇರುತ್ತದೆ. ಜೊತೆಗೆ ಒಗರೂ ತಗ್ಗುತ್ತದೆ. ಫ್ರಾನ್ಸಿನ ಬೋರ್ಡೋದಲ್ಲಿ 225 ಲೀಟರಿನ ಪೀಪಾಯಿಗೆ ಐದಾರು ಮೊಟ್ಟೆಗಳ ಬಿಳಿ ಸಾಕು. ಬ್ರಿಟನ್ನಿನ ಸಾಂಪ್ರದಾಯಿಕ ಬಿಯರಿನಲ್ಲಿ ಇದೇ ಕೆಲಸ ಮೀನಿನ ಗಾಳಿಚೀಲದ ಕೊಲಾಜೆನ್‌ನದು. ಅದು ಯೀಸ್ಟನ್ನೇ ಹಿಡಿದು ಕೆಳಗಿಳಿಸುತ್ತದೆ.

ಕೈ ಬಿಗಿಯಾಗಿರಲಿ, ಹೆಚ್ಚಾದರೆ ಬಣ್ಣವೂ ಸೊಗಡೂ ಸೊರಗುತ್ತವೆ. ಬೆರೆಸಿದ ಮೇಲೆ ಭರಣಿಯನ್ನು ಅಲುಗಿಸದೆ ತಂಪಿನಲ್ಲಿಟ್ಟು, ಗಸಿ ಏಳದಂತೆ ಸಣ್ಣ ನಳಿಕೆಯಲ್ಲಿ ಇಳಿಸಿಕೊಳ್ಳಬೇಕು. ಮೊಟ್ಟೆ ತಿನ್ನದವರಿಗೆ, ಒಗ್ಗದವರಿಗೆ ಲೋಟ ಕೊಡುವ ಮೊದಲೇ ಹೇಳಿಬಿಡಬೇಕು.