‘ಒಂದು ಅಧ್ಯಯನ’ದ ಕಾಟ

ಯಾವುದಾದರೂ ಕಾಲೇಜು ಲೈಬ್ರರಿಯಲ್ಲಿ ಪ್ರಾಜೆಕ್ಟ್ ರಿಪೋರ್ಟುಗಳ ಕಪಾಟು ನೋಡಿ. ಶೀರ್ಷಿಕೆಯ ಮೊದಲರ್ಧ ಏನೇ ಇರಲಿ, ಕೊನೆಗೆ ಒಂದು ಕೋಲನ್, ಆಮೇಲೆ ‘ಒಂದು ಅಧ್ಯಯನ’. ಇದು ಬರೀ ಶೈಲಿಯ ದೋಷ ಅಲ್ಲ. ವಿದ್ಯಾರ್ಥಿಗೆ ವಿಷಯ ಸಿಕ್ಕಿದೆ, ಪ್ರಶ್ನೆ ಸಿಕ್ಕಿಲ್ಲ ಅನ್ನೋದರ ಗುರುತು.

ಚಂದಾಪುರವನ್ನೇ ತಗೊಳ್ಳಿ. ಇಲ್ಲಿನ ಕೆರೆ ಹಾಳಾಗಿದ್ದಕ್ಕೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2022ರ ಅಕ್ಟೋಬರ್‌ನಲ್ಲಿ ರಾಜ್ಯ ಸರ್ಕಾರಕ್ಕೆ 500 ಕೋಟಿ ರೂಪಾಯಿ ಪರಿಹಾರ ಕಟ್ಟಲು ಆದೇಶಿಸಿತು. ಹತ್ತಿರದ ಕಾಲೇಜಿನ ಹುಡುಗಿಯೊಬ್ಬಳು ‘ಚಂದಾಪುರ ಕೆರೆಯ ಮಾಲಿನ್ಯ: ಒಂದು ಅಧ್ಯಯನ’ ಅಂತ ಶುರು ಮಾಡಿದರೆ ಕೊನೆಗೆ ಏನು ಬರೆಯುತ್ತಾಳೆ? ಕೆರೆ ಮಲಿನವಾಗಿದೆ, ಜನರಲ್ಲಿ ಜಾಗೃತಿ ಮೂಡಬೇಕು. ಕೆರೆ ಪಕ್ಕ ಮೂಗು ಮುಚ್ಚಿಕೊಂಡು ಗಾಡಿ ಓಡಿಸುವವರಿಗೂ ಇದು ಗೊತ್ತು. ಉತ್ತರ ಮೊದಲೇ ಗೊತ್ತಿದ್ದರೆ ಹುಡುಕೋದೇನು?

ಗೈಡ್ ಆದವರು ಇಲ್ಲಿ ಒಂದೋ ‘ಆಯ್ತಮ್ಮ, ಮುಂದುವರಿಸು’ ಅಂತ ಸೈನ್ ಹಾಕ್ತಾರೆ, ಇಲ್ಲಾ ತಮ್ಮದೇ ಒಂದು ಟಾಪಿಕ್ ಕೊಟ್ಟು ಕಳಿಸ್ತಾರೆ. ಎರಡರಲ್ಲೂ ಹುಡುಗಿ ಯೋಚಿಸುವ ಪ್ರಮೇಯ ಬರೋದಿಲ್ಲ. ಕೇಳಬೇಕಾದ್ದು ಮೂರು ಮಾತು. ಇದರಲ್ಲಿ ನಿನಗೆ ಗೊತ್ತಿಲ್ಲದ್ದು ಏನು? ಅದು ಗೊತ್ತಾದರೆ ಯಾರು ಏನನ್ನು ಬೇರೆ ಥರ ಮಾಡ್ತಾರೆ? ಮೂರು ತಿಂಗಳಲ್ಲಿ, ನಿನ್ನ ಕೈಲಿರುವ ದುಡ್ಡಲ್ಲಿ, ಏನನ್ನು ನೋಡಿದರೆ ಉತ್ತರ ಸಿಗುತ್ತೆ?

ಆಗ ಬೊಮ್ಮಸಂದ್ರದ ಕಾರ್ಖಾನೆಗಳು ಬೇರೆ, ಬಡಾವಣೆಗಳ ಕೊಳಚೆ ಬೇರೆ ಅಂತ ಅವಳಿಗೇ ಹೊಳೆಯಬಹುದು. ‘ಕೆರೆಗೆ ಬರುವ ಕಾಲುವೆಯ ನೀರು ಕಾರ್ಖಾನೆಗಳ ವಾರದ ರಜೆಯ ದಿನ ಬದಲಾಗುತ್ತಾ?’ ಇದು ಪ್ರಶ್ನೆ. ಕೆರೆಯಲ್ಲಿ ಹಳೆ ನೀರು, ಹೊಸ ನೀರು ಬೆರೆತಿರುತ್ತೆ. ಹಾಗಾಗಿ ಕಾಲುವೆಯಲ್ಲೇ ಅಳೆಯಬೇಕು. ಕರಗಿದ ಲವಣಗಳ ಅಂದಾಜು ಕೊಡುವ ಟಿಡಿಎಸ್ ಮೀಟರ್ ಕೆಲವು ನೂರು ರೂಪಾಯಿಗೆ ಸಿಗುತ್ತೆ. ನೀರಲ್ಲಿರೋದು ಯಾವ ರಾಸಾಯನಿಕ ಅಂತ ಅದು ಹೇಳಲ್ಲ. ಆದರೆ ಎಲ್ಲಿಂದ, ಯಾವಾಗ ಸ್ಯಾಂಪಲ್ ತೆಗೆದು ಲ್ಯಾಬಿಗೆ ಕಳಿಸಬೇಕು ಅನ್ನೋದರ ಸುಳಿವು ಕೊಡುತ್ತೆ. ಇದರಿಂದ ಆಗೋದೇನು ಅಂತೀರಾ? ಕೊಳಚೆಗೆ ಒಳಚರಂಡಿ, ಶುದ್ಧೀಕರಣ ಘಟಕ ಬೇಕು; ಕಾರ್ಖಾನೆಯ ವಿಷವನ್ನು ಕಾರ್ಖಾನೆಯ ಗೇಟಿನೊಳಗೇ ತಡೆಯಬೇಕು. ಯಾವುದು ಎಷ್ಟು ಅಂತ ತಿಳಿಯದೆ ಸುರಿದ ದುಡ್ಡು ನೀರಲ್ಲಿ ಹೋಮ.

‘ಅಧ್ಯಯನ’ ಅನ್ನೋ ಪದದ ಮೇಲೆ ನನಗೇನೂ ಸಿಟ್ಟಿಲ್ಲ. ಎಂ. ಚಿದಾನಂದಮೂರ್ತಿಯವರು 1966ರಲ್ಲಿ ಪ್ರಕಟಿಸಿದ ‘ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ’ದಲ್ಲೂ ಅದೇ ಪದ ಇದೆ. ಆದರೆ ಅವರು ಕ್ರಿ.ಶ. 450ರಿಂದ 1150 ಅಂತ ಗಡಿ ಹಾಕಿಕೊಂಡರು. ರಾಜರ ವಂಶಾವಳಿಗಾಗಿ ಓದುತ್ತಿದ್ದ ಕಲ್ಲುಗಳನ್ನು, ಆಗಿನ ಜನ ಹೇಗೆ ಬದುಕಿದ್ದರು ಅಂತ ಕೇಳಿದರು. ಕಲ್ಲು ಅವೇ, ಪ್ರಶ್ನೆ ಹೊಸದು.

ಸಾಫ್ಟ್‌ವೇರ್‌ನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ‘ಆ್ಯಪ್ ಸ್ಲೋ ಇದೆ’ ಅಂತ ಟಿಕೆಟ್ ಬಂದರೆ ಯಾವ ಪೇಜ್, ಯಾವ ಫೋನ್, ಯಾವಾಗಿಂದ ಅಂತ ಕೇಳಿ ವಾಪಸ್ ಕಳಿಸ್ತೀವಿ. ಅಕ್ಕನ ಮಗ ‘ಮಾಮ, ಪ್ರಾಜೆಕ್ಟಿಗೆ ಒಂದು ಟಾಪಿಕ್ ಹೇಳಿ’ ಅಂತ ಫೋನ್ ಮಾಡಿದಾಗ ಮಾತ್ರ ಥಟ್ಟನೆ ಒಂದು ಹೇಳಿ ಕೈತೊಳೆದುಕೊಳ್ತೀವಿ. ಹೇಳಬೇಡಿ. ‘ನಿಂಗೆ ಗೊತ್ತಾಗದೇ ಇರೋದು ಏನೋ?’ ಅಂತ ಕೇಳಿ, ಅವನು ಯೋಚಿಸೋವರೆಗೂ ಕಾಯಿರಿ.